ಬಿಟ್ಟುಹೋದ ಯಕಾರ

೩ ಜೂನ್, ಬೆಳಿಗ್ಗೆ ೭

ತಮ್ಮನ ಮಗಳ ಚೀಟಿಗಳನ್ನು ಬರೆದು ಮುಗಿಸಿದೆ. ಹನ್ನೆರಡು. ಆಸ್ಪತ್ರೆಯ ಲ್ಯಾಬಿನ ಸೀಸೆಗಳಿಗೆ ಅಂಟಿಸಲು. ಅವಳ ಕರಡು ಕೋಳಿ ಕೆದರಿದಂತಿದೆ. ಹಾಗೆಂದರೆ ನಗುತ್ತಾಳೆ. "ನಿಮ್ಮ ಅಕ್ಷರ ಬಿದ್ರೆ ನಮ್ಮ ಸೀಸೆಗೂ ಮರ್ಯಾದೆ ಅತ್ತೆ!"

ಕರಡಿನ ಹನ್ನೊಂದರಲ್ಲಿ 'ತೊಳೆದ ಪುಡಿ'. ಒಂದರಲ್ಲಿ ಮಾತ್ರ 'ತೊಳೆಯದ ಪುಡಿ'. ತೊಳೆಯದ್ದನ್ನು ಯಾರು ಜೋಪಾನ ಮಾಡುತ್ತಾರೆ? ಕೈತಪ್ಪು. ಯಕಾರ ತೆಗೆದೆ.

೯ ಜೂನ್

ಪುಡಿಯ ಗುಟ್ಟನ್ನು ಅವಳಿಂದ ಕೇಳಿದೆ. ಔಷಧದ ಅಣುವಿನ ಸುತ್ತ ಪಾಲಿಮರ್ ಕಟ್ಟುವುದು. ಬಳಿಕ ಆ ಔಷಧವನ್ನು ತೊಳೆದು ತೆಗೆದುಬಿಡುವುದು. ಅದರ ಆಕಾರದ ಗುಳಿಗಳು ಉಳಿಯುತ್ತವೆ. ರೋಗಿಯ ಪ್ಲಾಸ್ಮಾ ಹಾಯಿಸಿದರೆ ಆ ಔಷಧವೊಂದೇ ಅಲ್ಲಿ ಕೂರುತ್ತದೆ, ಬಿಡಿಸಿ ಅಳೆಯುತ್ತಾರೆ. 'ಅಚ್ಚು' ಎಂಬ ಪದ ಒಪ್ಪುತ್ತದೆ.

ತಮ್ಮನೂ ಅವಳ ಲ್ಯಾಬಿಗೆ ರಕ್ತ ಕೊಟ್ಟುಬಂದ. ಅಪಸ್ಮಾರದ ಮಾತ್ರೆ ಎಷ್ಟು ನಿಂತಿದೆಯೆಂದು ನೋಡಲು. "ನನ್ ರಕ್ತಕ್ಕಾದ್ರೂ ಪಾಸ್ ಮಾರ್ಕ್ಸ್ ಬರುತ್ತಾ ನೋಡೋಣ ಅಕ್ಕಾ."

೧೧ ಜೂನ್

ಮಾರ್ಕ್ಸ್ ಹೆಚ್ಚೇ ಬಂದಿದೆ. ಔಷಧ ಮಿತಿ ಮೀರಿದೆಯಂತೆ. ವೈದ್ಯರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

೧೬ ಜೂನ್, ಮಧ್ಯಾಹ್ನ

ತಮ್ಮ ಬಚ್ಚಲಲ್ಲಿ ಬಿದ್ದ. ಏಳು ವರ್ಷಗಳ ಬಳಿಕ ಸೆಳೆತ. ಹಣೆ ಒಡೆದಿದೆ. ಆಸ್ಪತ್ರೆಯಲ್ಲಿದ್ದೇವೆ. ಎಚ್ಚರವಿಲ್ಲ.

೧೭ ಜೂನ್, ೧೦ ಗಂಟೆ

ಎಚ್ಚರವಿಲ್ಲ... ರಕ್ತದಲ್ಲಿ ಔಷಧ ತೀರ ಕಡಿಮೆಯಂತೆ.

ವಾರ್ಡಿನ ಹೊರಗೆ ಮಗಳು ಉಗುರು ಕಚ್ಚುತ್ತ ಕುಳಿತಿದ್ದಳು. "ಹೋಲಿಸೋಕೆ ಅಂತ ಒಂದು ಸೀಸೆ ತೊಳೀದೇ ಇಟ್ಟಿದ್ದೆ ಅತ್ತೆ. ಅಪ್ಪನ ಪ್ಲಾಸ್ಮಾನ ಅದೇ ಪುಡೀಲಿ ಹಾಯಿಸ್ಬಿಟ್ಟಿದೀನಿ. ಒಳಗಿದ್ದ ಹಳೇ ಔಷಧ ಸೋರಿ ಲೆಕ್ಕ ಏರಿದೆ. ಈಗ ನೋಡಿದ್ರೆ ಹನ್ನೆರಡು ಚೀಟೀಲೂ 'ತೊಳೆದ' ಅಂತಾನೇ ಇದೆ. ನಿಮ್ಮ ಬರಹದಲ್ಲಿ ತಪ್ಪಿರಲ್ಲ. ನಾನೇ ಕರಡಲ್ಲಿ ತಪ್ಪು ಬರೆದಿರ್ಬೇಕು."

ವಾರ್ಡಿನೊಳಗೆ ನಡೆದುಬಿಟ್ಟೆ. ಯಕಾರ ತೆಗೆದವಳು ನಾನು!

೧೮ ಜೂನ್, ೧೧ ಗಂಟೆ

ಲ್ಯಾಬಿನ ಮುಖ್ಯಸ್ಥರ ಕೋಣೆಯ ಹೊರಗಿನ ಬೆಂಚು. ಒಳಗೆ ಅವಳ ವಿಚಾರಣೆ. ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾಳೆ. ಕೆಲಸ ಹೋಗಬಹುದು.

ತಮ್ಮ ಬೆಳಿಗ್ಗೆ ಕಣ್ಣು ಬಿಟ್ಟ. ಮಗಳೆಲ್ಲಿ ಎಂದೇ ಕೇಳಿದ.

ಮುಖ್ಯಸ್ಥರಿಗೆ ಕೊಡಲು ಕಾಗದ ಬರೆದಿಟ್ಟಿದ್ದೇನೆ. "ಅಚಾತುರ್ಯದಿಂದ ಚೀಟಿಯು ತಿದ್ದಲ್ಪಟ್ಟಿತು." ನಾನು ಕಲಿಸುತ್ತಿದ್ದ ಶಾಲೆಯ ಮಕ್ಕಳು ಹೀಗೆ ಕರ್ತೃವನ್ನು ಮರೆಸಿದ್ದರೆ ಕಿವಿ ಹಿಂಡುತ್ತಿದ್ದೆ. ಆ ಸಾಲನ್ನು ಹೊಡೆದುಹಾಕಿದೆ. "ಕೇಳದೆ, ಜಂಬದಿಂದ, ನಾನು ತಿದ್ದಿದೆ."

ಬಾಗಿಲು ತೆರೆಯಿತು. ಅತ್ತಿದ್ದಾಳೆ. "ನೀವಿಲ್ಲಿ ಯಾಕೆ ಅತ್ತೆ? ಅಪ್ಪನ ಹತ್ರ ಯಾರಿದಾರೆ?"

ಕಾಗದವನ್ನು ಮೊದಲು ಇವಳ ಕೈಗೇ—