ಕುರಿರೊಪ್ಪದ ಶಾಲೆ

೧೧ ಫೆಬ್ರವರಿ ೨೦೨೫, ಮಂಗಳವಾರ

ನಮ್ಮ ಶಾಲೆಯ ಅಮೃತ ಮಹೋತ್ಸವದ ಕಲ್ಲು ಇವತ್ತು ಹೊಸದುರ್ಗದಿಂದ ಬಂತು. ಶಾಲೆ ಶುರುವಾದದ್ದು ದೊಡ್ಡಮನೆಯವರ ಜಗಲಿಯಲ್ಲಿ ಅಂತ ಕೆತ್ತಿಸಿದ್ದಾರೆ. ಶುರುವಾದದ್ದು ಹಟ್ಟಿಯ ಕಾಟಮ್ಮಜ್ಜಿಯ ಅಪ್ಪನ ಕುರಿರೊಪ್ಪದಲ್ಲಿ ಅಂತ ನಾನೇ ಬರೆದುಕೊಟ್ಟಿದ್ದೆ. ಬೆಳಗ್ಗೆ ಕುರಿ ಮೇಯಲು ಹೊರಟ ಮೇಲೆ ಮಕ್ಕಳು ಹಿಕ್ಕೆ ಗುಡಿಸಿ ಕೂರುತ್ತಿದ್ದರು. ಸಂಜೆ ಕುರಿ ಬಂದರೆ ಶಾಲೆ ಬಿಟ್ಟಂತೆ.

ಸಮಿತಿಯ ಪ್ರಭುವನ್ನು ಕೇಳಿದೆ. "ಬಿಡ್ರಿ ಮೇಡಂ, ಕಲ್ಲಾಗೆ ಇನ್ನ ಜಾಗ ಎಲ್ಲೈತೆ," ಅಂದ. ಹೆಡ್ಮಾಸ್ಟರು ತಲೆ ಎತ್ತಲಿಲ್ಲ. ವಾದ ಮಾಡಿ ಮಾಡಿ ನನಗೂ ಸಾಕಾಗಿದೆ.

ಅಜ್ಜಿ ಆ ಶಾಲೆಯಲ್ಲಿ ಒಂದು ದಿನವೂ ಕೂತವಳಲ್ಲ. ಯಾಕೆ ಅಂತ ಕೇಳಿದಾಗ ನಕ್ಕಿದ್ದಳು. "ಕುರಿ ಹಿಂದೆ ನಾವು ಹೋಗಿದ್ದಕ್ಕೇ ಅಲ್ವೇನವ್ವ ರೊಪ್ಪ ಖಾಲಿ ಇರ್ತಿದ್ದುದು."

ಸಂಜೆ ಹಟ್ಟಿಯ ದಾರಿಯಲ್ಲಿ ಸಿಕ್ಕಳು. ಕಲ್ಲು ಬಂದ ಸುದ್ದಿ ಅವಳಿಗೂ ಮುಟ್ಟಿದೆ, ಅದರಲ್ಲೇನಿದೆ ಅನ್ನುವುದು ಮುಟ್ಟಿಲ್ಲ.

"ನಾಳೆ ಬತ್ತೀನಿ ಕಣವ್ವ. ನಂಗೆ ಓದಾಕೆ ಬರಲ್ಲ. ಅಪ್ಪನ ಹೆಸರು ಎಲ್ಲೈತೋ ಅಲ್ಲಿ ನನ್ನ ಬೆರಳು ಹಿಡಿದು ಇಡು, ಸಾಕು."

ಹೂಂ ಅಂದುಬಿಟ್ಟೆ. ನಾಳೆ ಆ ಬೆರಳನ್ನು ಎಲ್ಲಿ ಇಡಲಿ?