ಚಂದಪ್ಪ ಕಾಕಾಗ, ಕಡಲ ದಂಡಿಯಿಂದ

...ಇಲ್ಲ, ಮತ್ತ ಮೊದಲಿನಿಂದ ಹೇಳ್ತೀನಿ ಚಂದಪ್ಪ ಕಾಕಾ, ತಪ್ಪು ತಿಳಕೋಬ್ಯಾಡ. ಈಗ ಹೇಳಿದ್ದೆಲ್ಲಾ ಅಳಿಸಿದೆ, ಗಾಳಿ ಸಪ್ಪಳದಾಗ ನನ್ನ ಧ್ವನಿ ನನಗೇ ಕೇಳವಲ್ದಾಗಿತ್ತು. ನೀ ಓದಲಾಕ ಬರಲಾರದಾಂವ. ಪದ ಕಟ್ಟಾಂವ ನೀ, ಬರಕೊಳ್ಳಾಂವ ನಾ. ನಿನಗ ಕಾಗದ ಬರದು ಏನು ಮಾಡ್ಲಿ? ಅದಕ್ಕ ಫೋನಿನಾಗ ಮಾತಾಡಿ ಇಡ್ಲಾಕತ್ತೀನಿ.

ನೆನಪದ ಏನು, ಐತವಾರ ಬಂತಂದ್ರ ನಾ ಬ್ರಹ್ಮಪುರದಿಂದ ಹೊಂಟು ಬಸ್ ಹಿಡದು ಕಮಲಾಪುರಕ್ಕ ಬರ್ತಿದ್ದೆ. ನೀ ಕೆಂಪು ಬಾಳಿ ತೋಟದಾಗ ನೀರು ತಿರುವಿಕೋತ ಮೊಹರಂ ಪದ ಕಟ್ಟಾಂವ, ನಾ ಬದುವಿನ ಮ್ಯಾಲ ಕುಂತು ಬರಕೊಳ್ಳಾಂವ. ನಡುವ ನನ್ನದೊಂದು ಶಬ್ದ ಸೇರಿಸಿದ್ರ ಹಿಡದೇ ಬಿಡ್ತಿದ್ದಿ. "ಇದು ನನ್ನ ಬಾಯಾಗ ಹುಟ್ಟಿದ್ದಲ್ಲಲೇ, ದಾಲ್ ಮಿಲ್ಲಿನ ಕಾರಕೂನನ ವಾಸನಿ ಬರ್ತದ" ಅಂತಿದ್ದಿ.

ಆ ಕಡೀ ಪದ. ಕೂಸಿಗೆ ನೀರಡಿಕಿ ಆಗಿ ತಾಯಿ ಕೊಡ ತಗೊಂಡು ಕಡಲ ದಂಡಿಗೆ ಹೋಗ್ತಾಳ. ನೀ ಹೇಳಿದಿ, ನಾ ಬರಕೊಂಡೆ. ನಮ್ಮಿಬ್ಬರೊಳಗ ಕಡಲು ನೋಡಿದಾಂವ ಯಾಂವ ಇದ್ದ? ಮೊಹರಮ್ಮಿಗೆ ಎದುರು ಮೇಳದ ರಜಾಕ ಮಾಮಾ ಎದ್ದು ಸವಾಲ್ ಹಾಕಿದ: "ಉಪ್ಪುನೀರು ಕುಡಿಸಿ ಕೂಸಿಗೆ ಕೊಲ್ತೀಯೇನೋ ಮುದುಕಾ?" ಕುಂತ ಮಂದಿ ಎಲ್ಲಾ ನಕ್ಕರು. ನೀ ದಪ್ಪು ಕೆಳಗಿಟ್ಟು, "ಬರೋ ವರ್ಷ ಜವಾಬ್ ಕೊಡ್ತೀನಿ" ಅಂದಿ. ಬರೋ ವರ್ಷ ಬರೋದ್ರೊಳಗ ನೀ...

ನಿನ್ನ ಮಣ್ಣಿಗೆ ರಜಾಕ ಮಾಮಾನೂ ಬಂದಿದ್ದ. ಹಿಡಿ ಮಣ್ಣು ಹಾಕಿ ಅಂದ, "ಜವಾಬ್ ಕೊಡಲಾರದ ಹೋದ್ಯಲ್ಲೋ ಮುದುಕಾ, ಈಗ ನಾ ಯಾರ ಎದುರು ಹಾಡ್ಲಿ?" ಬಾಕಿ ಜವಾಬ್ ಕೊಡಲಾರದ ಹೊಸ ಪದ ಎತ್ತೋ ರಿವಾಜ ನಮ್ಮ ಮೇಳದಾಗ ಇಲ್ಲ. ನೀನೇ ಕಲಿಸಿದ್ದು. ನೀ ಹೋದ ಮ್ಯಾಲ ಎರಡು ಮೊಹರಂ ನಾವು ಬಾಯಿ ಮುಚ್ಚಿಕೊಂಡು ಕುಂತೀವಿ. ಮೇಳದವರೆಲ್ಲಾ ನನ್ನ ಮಾರಿ ನೋಡ್ತಾರ. ನಾ ಏನು ಕಟ್ಟಾಂವ ಕಾಕಾ? ಪೆನ್ನು ಹಿಡದ್ರ ನೀ ಹೇಳ್ತಿ ಅಂತ ಕೈ ಕಾಯ್ತದ. ನೀ ಹೇಳವಲ್ಲಿ.

ಕಡೀಕ ನಮ್ಮ ಮನಿಯಾಕಿ ಶಾಂತಾನೇ ಬ್ಯಾಸತ್ತಳು. "ಗಲ್ಲಿಯಾಗ ಕುಂತು ಕಡಲಿನ ಪದ ಹೆಂಗ ಹುಟ್ತದ್ರೀ? ನಡೀರಿ, ನೋಡೇ ಬರೋಣು" ಅಂತ ರಜಾ ಹಾಕ್ಸಿ ಹೊನ್ನಾವರದ ಕಡಿಗೆ ಒಂದು ಸಣ್ಣ ಊರಿಗೆ ಕರ್ಕೊಂಡು ಬಂದಾಳ. ಗದ್ದಲಿಲ್ಲ, ಮಂದಿಲ್ಲ. ಬಂದಾಗಿನಿಂದ ದಂಡಿಗೇ ಕುಂತೀನಿ. ನೀರು ಬಾಯಿಗೆ ಹಾಕಿ ನೋಡಿದೆ, ಬರೀ ಉಪ್ಪು. ರಜಾಕ ಮಾಮಾಂದೇ ಖರೆ ಅನಿಸಿ ಅಳು ಬಂತು.

ಇವತ್ತ ಮುಂಜಾನಿ ನಾವು ಇಳಕೊಂಡ ಮನಿ ಯಜಮಾನತಿ ಕೊಡ ಹಿಡಕೊಂಡು ಕಡಲ ಕಡಿಗೇ ಹೊಂಟಿದ್ದಳು. ನಾ ಹಿಂದ ಹೋದೆ. ತೆರಿ ಬಂದು ಬಡಿಯೋ ಜಾಗದಿಂದ ಸ್ವಲ್ಪ ಈಚಿಗೆ, ಉಸುಕಿನಾಗ ಒಂದು ಬಾವಿ. ಬಗ್ಗಿದ್ರ ಕೈಗೆ ಸಿಗೋವಷ್ಟು ಮ್ಯಾಲ ನೀರು.

"ಉಪ್ಪಿಲ್ಲೇನವ್ವಾ?" ಅಂದೆ.

"ಸೀ ನೀರು ಮಾರಾಯ್ರೆ, ನಾವೆಲ್ಲ ಇದನ್ನೇ ಕುಡೂದು. ನೀವು ಬಂದಾಗಿಂದ ಚಾ ಕುಡಿದದ್ದು ಮತ್ತೆ ಯಾವ ನೀರಲ್ಲಿ?" ಅಂತ ನಕ್ಕಳು.

ಬೊಗಸಿ ತುಂಬ ಕುಡದೆ ಕಾಕಾ. ನಿನ್ನ ಪದದ ತಾಯಿ ತಪ್ಪು ಮಾಡಿಲ್ಲ. ಇದು ನಿನಗ ಯಾರರ ಹೇಳಿದ್ರೋ, ಸುಮ್ಮನ ಬಾಯಿಗೆ ಬಂದಿತ್ತೋ? ಯಾರಿಗೆ ಕೇಳ್ಲಿ ಈಗ? ಅಲ್ಲೇ ಕುಂತು ನಾನೇ ಕಟ್ಟೀನಿ. ಕೇಳು.

"ಉಸುಕ ತೋಡ್ಯಾಳ ತಾಯಿ ಉಪ್ಪಿನ ದಂಡಿಗೆ
ಸಿಹಿನೀರ ಉಕ್ಕ್ಯಾವ ಕೂಸಿನ ತುಟಿಗೆ"

ಎರಡನೇ ಸಾಲು ಇನ್ನಾ ಕುಂಟ್ತದ. ನೀ ಇದ್ದಿದ್ರ... ಇರಲಿ. ಮುಂದಿಂದೂ ನಾನೇ ಕಟ್ತೀನಿ. ಈ ಮೊಹರಮ್ಮಿಗೆ ನಮ್ಮ ಮೇಳ ಎದ್ದು ನಿಲ್ತದ, ಮಾತು ಕೊಟ್ಟೀನಿ ನಿನಗ.

ಆಗಲೇ ರಜಾಕ ಮಾಮಾಗ ಫೋನ್ ಹಚ್ಚಿದ್ದೆ, ಎತ್ತಿರಲಿಲ್ಲ... ತಡಿ. ಅವನೇ ಹೊಳ್ಳಿ ಹಚ್ಯಾನ. ಇಡ್ತೀನಿ ಕಾಕಾ. ಅವನೂ ಕಾದು ಕುಂತಾನ.