ಬೆನ್ನ ಮೇಲೆ ಹೊತ್ತ ತಲೆ

ಪುಕಾಮಾಚಾಯ್
ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಫೋರ್ಟುನಾಟೊ,

ಹೇಗಿದ್ದೀಯ? ಗಣಿಯ ಧೂಳಿಗೆ ಕೆಮ್ಮು ಹೆಚ್ಚಾಯಿತೋ ಏನೋ. ಕಳಿಸಿದ ಒಣ ಆಲೂಗಡ್ಡೆಯನ್ನು ಗೆಳೆಯರಿಗೆಲ್ಲ ಹಂಚಿ ನೀನು ಹಸಿದು ಕೂರಬೇಡ. ನಿನ್ನ ಗುಣ ನನಗೆ ಗೊತ್ತು. ನಮ್ಮ ನಿಲ್ಡಾಗೆ ಎರಡು ಹಲ್ಲು ಬಂದಿವೆ, ಅಜ್ಜಿಯ ಬೆರಳನ್ನೇ ಕಚ್ಚುತ್ತಾಳೆ.

ಇಲ್ಲಿ ಹಿಮ ಬಿದ್ದು ಆಲೂಗಡ್ಡೆ ಹೂವೆಲ್ಲ ಸುಟ್ಟುಹೋಯಿತು. ಮರುದಿನವೇ ಕುರಿ ಕಾಯುವವರು ಬಂದು, ಕೆಂಪು ಬಣ್ಣದಲ್ಲಿ ಲಾಮಾ ಮಂದೆಯನ್ನು ಬರೆದ ಬಂಡೆಯ ಕೆಳಗೆ ಒಂದು ಗೋರಿಯ ಕಲ್ಲು ಬಿದ್ದಿದೆ ಎಂದರು. ಅಷ್ಟೇ ಸಾಕಾಯಿತು, ಗೋರಿಯಲ್ಲಿರುವ ಹಳಬರೇ ಸಿಟ್ಟಾಗಿ ಹಿಮ ಸುರಿಸಿದರು ಎಂದರು ಎಲ್ಲರೂ. ಹಳಬರನ್ನು ಕೆಣಕಿದವರ ಹೊಲ ಕಿತ್ತುಕೊಂಡು ಊರಾಚೆ ಅಟ್ಟಬೇಕೆಂದು ಸಭೆ ತೀರ್ಮಾನಿಸಿತು; ಮನೆ ಮನೆ ಶೋಧಿಸುತ್ತಿದ್ದಾರೆ. ನೀನು ಹೊರಡುವಾಗ ‘ಒಬ್ಳೇ ಇರ್ತೀಯ, ಇವ್ನು ಕಾವಲಿಗಿರ್ಲಿ’ ಎಂದು ಗೋಡೆಯ ಗೂಡಿನಲ್ಲಿಟ್ಟ ಬುರುಡೆಯ ಉಣ್ಣೆ ಟೊಪ್ಪಿ ತೆಗೆದು ನೋಡಿದೆ. ತಲೆ ಹಿಂದಕ್ಕೆ ಉದ್ದಕ್ಕೆ ಎಳೆದಂತಿದೆ. ಮಗುವಿದ್ದಾಗಲೇ ತಲೆ ಬಿಗಿದು ಕಟ್ಟಿ ಹೀಗೆ ಮಾಡುತ್ತಿದ್ದ ಹಳಬರದೇ! ಎಲ್ಲರ ಮನೆಯಲ್ಲೂ ಬುರುಡೆ ಇದೆ, ಒಪ್ಪಿದೆ. ಅವು ಚರ್ಚಿನ ಹಿತ್ತಲಿನವು, ಹೆಸರು ಕರೆದರೆ ಓಗೊಡುವ ನಮ್ಮವರವು. ಇವರು ಕ್ರಿಸ್ತನಿಗಿಂತ ಹಿಂದಿನವರು, ನಮ್ಮನ್ನು ಯಾಕೆ ಕಾಯುತ್ತಾರೆ? ನನ್ನ ಮೇಲಿನ ಪ್ರೀತಿಗೇ ತಂದೆ ಎಂದು ಗೊತ್ತು ಕತ್ತೆ, ಅದಕ್ಕೇ ಸಿಟ್ಟಿನ ಜೊತೆ ಅಳುವೂ ಬರುತ್ತಿದೆ.

ನಿನ್ನೆ ಸಂಜೆ ನಿಲ್ಡಾಳನ್ನು ಅತ್ತೆಯ ಮನೆಯಲ್ಲಿ ಬಿಟ್ಟು, ಅವಳ ಬಟ್ಟೆಯಲ್ಲೇ ಬುರುಡೆಯನ್ನು ಸುತ್ತಿ, ಮಗುವಿನಂತೆ ಬೆನ್ನಿಗೆ ಕಟ್ಟಿಕೊಂಡು, ಗೋರಿಗೇ ಮರಳಿಸಲು ಬೆಟ್ಟಕ್ಕೆ ಹೊರಟೆ. ಹಳ್ಳದ ಬಳಿ ಕಾವಲಿಗಿದ್ದ ಇಲಾರಿಯೋನ್ ಮಾಮ ತಡೆದು, ‘ಏನಮ್ಮಾ, ಮಗು ಉಸಿರೇ ಎತ್ತಲ್ವಲ್ಲ?’ ಎಂದು ಬಟ್ಟೆ ಸರಿಸಲು ಕೈ ಚಾಚಿದ. ‘ಅಪ್ಪನ ಥರಾನೇ ಮಾಮ, ಮಾಡೋದೆಲ್ಲ ಮಾಡಿ ಹಾಯಾಗಿ ಮಲಗುತ್ತೆ’ ಎಂದೆ. ನಕ್ಕು ಬಿಟ್ಟುಬಿಟ್ಟ. ತಿರುಗಿ ನೋಡದೆ ಗೋರಿಯವರೆಗೂ ನಡೆದೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ನಿಲ್ಡಾಳ ಮುತ್ತು ಇದರಲ್ಲೇ ಇದೆ. ನೆಲದೊಳಗೆ ಇಳಿಯುವಾಗಲೆಲ್ಲ ನಮ್ಮ ಬೆಟ್ಟ ನಿನ್ನ ಜೊತೆಗಿರಲಿ.

ನಿನ್ನವಳೇ,
ಬಸಿಲಿಯಾ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಬಿದ್ದ ಕಲ್ಲಿನ ಗೋರಿಗೆ ಕಾಣಿಕೆಯೆಂದು ಕೋಕಾ ಎಲೆ ಇಟ್ಟು ಒಳಗೆ ಕೈ ಹಾಕಿದೆ. ಅಲ್ಲಿದ್ದವರಿಗೆ ಜಡೆ ಸಮೇತ ತಲೆ ಇತ್ತು, ನೀನು ತಂದದ್ದು ಅಲ್ಲಿಯದಲ್ಲ. ಆ ಕಲ್ಲು ಕೆಡವಿದ್ದು ನರಿಯೋ ಏನೋ. ನೀನು ತೆಗೆದ ಕಲ್ಲನ್ನು ಅಚ್ಚುಕಟ್ಟಾಗಿ ಮುಚ್ಚಿ ಬಂದಿದ್ದೀಯ, ಈಗ ಎಲ್ಲ ಗೋರಿಗಳೂ ಒಂದೇ ಥರ ಕಾಣುತ್ತವೆ. ತನ್ನ ಮೈ ಸೇರದೆ ಈ ಬುರುಡೆ ಉಳಿದ ಹೊಲವನ್ನೂ ಬಿಡುವುದಿಲ್ಲ. ಮತ್ತೆ ಮಾಮನ ಮುಂದೆಯೇ ಹೊತ್ತು ತಂದೆ. ಈಗ ಹಾಸಿಗೆಯಲ್ಲಿ ನಿಲ್ಡಾಳ ಕಾಲ ಬಳಿ ಇದೆ. ಬುಧವಾರ ನಮ್ಮ ಮನೆಯ ಶೋಧ. ಈ ಕಾಗದ ತರುವ ಲಾರಿಯವನ ಕೈಯಲ್ಲೇ ಚೀಟಿ ಕಳಿಸು. ಬೇರೇನೂ ಬರೆಯಬೇಡ. ಯಾವ ಗೋರಿ?